ಪೂರ್ತಿ ಹೇಳಿದ್ಲಾ?

ಹುಟ್ಟಿನಿಂದಲೇ ಬರುವ ಪಾಪ ಎಂಬುದೇ ಇಲ್ಲವೆಂದು ಎಷ್ಟೋ ಚರ್ಚೆಗಳಲ್ಲಿ ವಾದಿಸಿ ಗೆದ್ದಿದ್ದೇನೆ; ಆದರೂ ಫಿನಾಯಿಲ್ ವಾಸನೆ ಬಂದರೆ ಸಾಗರದ ಆಸ್ಪತ್ರೆಯ ಆ ಮಧ್ಯಾಹ್ನ ಎದುರು ನಿಲ್ಲುತ್ತದೆ.

ಗಾಜಿನಾಚೆ, ಆಗಷ್ಟೇ ಹುಟ್ಟಿದ ನನ್ನ ತಮ್ಮ ನೀಲಿಗಟ್ಟುತ್ತಿದ್ದ. ತೀರ್ಥಹಳ್ಳಿಯಿಂದ ಹೊರಟ ಪಾದ್ರಿಗಳು ಇನ್ನೂ ತಲುಪಿರಲಿಲ್ಲ. ನಮ್ಮನ್ನು ಒಳಗೆ ಬಿಡುವಂತಿರಲಿಲ್ಲ. ಬಾಗಿಲಲ್ಲಿ ಅಜ್ಜಿ ನರ್ಸಿಗೆ ಕೈಮುಗಿದಳು.

"ನೀನೇ ಮಗುವಿನ ತಲೆಗೆ ನೀರು ಹೊಯ್ದು ದೀಕ್ಷಾಸ್ನಾನ ಕೊಡು ಮಗಳೇ, ಹುಟ್ಟಿನ ಪಾಪ ತೊಳೆದು ಹೋಗ್ಲಿ."

"ನಾನು ನಿಮ್ಮ ಧರ್ಮದವಳಲ್ವಲ್ಲ ಅಮ್ಮಾ?"

"ಜೀವ ಹೋಗೋ ಹೊತ್ತಲ್ಲಿ ಯಾರು ಹೊಯ್ದ್ರೂ ಆಗ್ತದೆ. ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಅನ್ನು. ಒಂದು ಹೆಸರು ಬಿಟ್ರೂ ದೀಕ್ಷೆ ಆಗೋದಿಲ್ಲ."

"ಅವ್ನು ಎಂತ ಪಾಪ ಮಾಡಿದಾನಜ್ಜಿ?" ನಾನು ಕೇಳಿದೆ.

"ಬಾಯ್ಮುಚ್ಚು, ವಕೀಲ!" ಅಜ್ಜಿ ಗಾಜಿನತ್ತ ತಿರುಗಿದಳು.

ಒಳಗೆ ನರ್ಸಿನ ತುಟಿ ಅಲುಗಿತು, ನೀರು ಬಿತ್ತು. ತಮ್ಮ ಅಳಲಿಲ್ಲ.

"ಪೂರ್ತಿ ಹೇಳಿದ್ಲಾ?" ಅಜ್ಜಿ ನನ್ನನ್ನೇ ಕೇಳಿದಳು.

ಗಾಜಿನೀಚೆಗೆ ಒಂದಕ್ಷರವೂ ಕೇಳಿಸಿರಲಿಲ್ಲ.

"ಪೂರ್ತಿ ಹೇಳಿದ್ರು ಅಜ್ಜಿ," ಎಂದೆ.