ಬ್ರೇಕ್ ಕಟ್ಟಿದ ಟೈಲರ್

ಹೆಂಡತಿಯ ಕೈಚೀಲದ ತಳದಲ್ಲಿ, ಕರ್ಚೀಫಿನಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ತಾಮ್ರದ ವಾಷರೊಂದು ಟೈಲರನ ಕೈಗೆ ಸಿಕ್ಕಿತು. ಗುಂಡಿಯೋ ಹುಕ್ಕೋ ಸಿಕ್ಕಿದ್ದರೆ, ಟೈಲರನ ಹೆಂಡತಿ ತಾನೇ ಎಂದು ಸುಮ್ಮನಾಗಬಹುದಿತ್ತು. ಉಂಗುರದಷ್ಟಗಲದ ಈ ಬಿಲ್ಲೆಗೆ ಎಣ್ಣೆಯ ವಾಸನೆಯಿತ್ತು. ಮೆಕ್ಯಾನಿಕ್ಕನ ವಾಸನೆ!

ತಿಂಗಳ ಹಿಂದೆ ಎದೆಸುತ್ತಿನ ಅಳತೆ ಕೊಡುತ್ತ ನಿಂತಿದ್ದ ಗಿರಾಕಿಯೊಬ್ಬ ಕೇಳಿದ್ದ: "ನಿಮ್ಮನೆಯವರು ಇಳಿಜಾರಿನ ಮೇಲಿನ ಗ್ಯಾರೇಜಲ್ಲಿ ಕೂತಿದ್ರಲ್ಲ, ಕಾರಿಗೇನಾಯ್ತು?" ಕಾರಿಗೇನೂ ಆಗಿರಲಿಲ್ಲ. ಹಿಂದಿನ ದಿನವಷ್ಟೇ ಟೈಲರ್ ಅದನ್ನು ತಾನೇ ರಿಪೇರಿ ಮಾಡಿ ಮುಗಿಸಿದ್ದ. ಟೈಲರ್ ಗಿರಾಕಿಯ ಅಳತೆಯನ್ನು ಮತ್ತೆ ತೆಗೆಯಬೇಕಾಯಿತು.

ಆಮೇಲೆ ಒಂದೊಂದೇ ಹೊಳೆಯತೊಡಗಿತು. ಉಳಿದ ದಿನಗಳಲ್ಲಿ ಅವಳು ಕಾರಿನ ಹೆಸರೆತ್ತುವುದಿಲ್ಲ. ಅವನು ರಿಪೇರಿ ಮುಗಿಸಿದ ಮಾರನೇ ದಿನ ಮಾತ್ರ ಹಲ್ಲುನೋವು, ತರಕಾರಿ, ಚಿಕ್ಕಮ್ಮನ ಮನೆ, ಏನಾದರೊಂದು ನೆಪ. ಗಾಡಿ ಸರಿಹೋಯಿತೋ ಇಲ್ಲವೋ, ಸವಾರಿ ಹೊರಟಿತು! ಕಿವಿಯ ಓಲೆಯೂ ಕಾಣೆಯಾಗಿತ್ತು. ಕೇಳಿದರೆ, "ಒಳಗಿಟ್ಟಿದೀನಿ" ಎನ್ನುತ್ತಿದ್ದಳು.

ಮೆಕ್ಯಾನಿಕ್ಕುಗಳೆಂದರೆ ಟೈಲರನಿಗೆ ಮೊದಲಿನಿಂದಲೂ ಆಗದು. ಅವರಿಗೆ ಗಾಡಿ ಕೊಡುವುದೂ ಒಂದೇ, ಕಳ್ಳನ ಕೈಗೆ ಬೀಗದ ಕೈ ಕೊಡುವುದೂ ಒಂದೇ. ಮಗಳಿಗಿಂತ ಹಳೆಯದಾದ ಆ ಕಾರನ್ನು ತಾನೇ ಬಿಚ್ಚಿ ತಾನೇ ಕಟ್ಟಿಕೊಂಡು ಬಂದಿದ್ದ. ಒಂದು ದಿನವೂ ಅದು ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಕಟ್ಟಿದ ಮೇಲೆ ಒಂದೆರಡು ಸಾಮಾನು ಉಳಿಯುತ್ತಿತ್ತು, ನಿಜ. ಉಳಿದರೆ ಅವನಿಗೆ ಹೆಮ್ಮೆಯೇ. ಕೊಟ್ಟ ಬಟ್ಟೆಯಲ್ಲಿ ಅಂಗಿಯೂ ಆಗಿ ಚೂರೂ ಉಳಿದರೆ ಅದು ಕತ್ತರಿಯ ಜಾಣತನವಲ್ಲವೇ? ಬಟ್ಟೆಯ ಚೂರಿನ ಜೊತೆ ಅವನ್ನೂ ಗುಡಿಸಿ ತೆಗೆಯುವುದು ಹೆಂಡತಿಯ ಪಾಲಿನ ಕೆಲಸ.

ನಿನ್ನೆ ಬ್ರೇಕಿನ ಪೈಪು ಬದಲಿಸಲು ಕೂತಾಗಲೂ ಅವಳು ಅಡ್ಡ ಬಂದಿದ್ದಳು. "ಬ್ರೇಕು ರೀ, ಹುಡುಗಾಟ ಅಲ್ಲ. ಇದೊಂದನ್ನಾದ್ರೂ ಗ್ಯಾರೇಜಿಗೆ ಕೊಡಿ."

ಈಗ ಬೆಳಗಾಗುತ್ತಲೇ ತಯಾರಾಗಿ ಬಂದು ಕಾರಿನ ಕೀಲಿ ಕೇಳುತ್ತಿದ್ದಾಳೆ. ಟೈಲರ್ ವಾಷರನ್ನು ಅವಳ ಮುಖಕ್ಕೆ ಹಿಡಿದ.

"ಏನಿದು?"

ಅವಳ ಮುಖ ಬಿಳಿಚಿಕೊಂಡಿತು. "ಕೋಪ ಮಾಡ್ಕೋಬೇಡಿ ರೀ. ಸ್ವಲ್ಪ ಹೊತ್ತು ಕಾರು ಕೊಡಿ. ಬಂದು ಎಲ್ಲಾ ಹೇಳ್ತೀನಿ."

"ಗ್ಯಾರೇಜಿಗಾ?"

"ಹೂಂ. ಇದೊಂದು ಸಲ. ನಿಮ್ಮ ಒಳ್ಳೇದಕ್ಕೇ."

"ನನ್ನ ಒಳ್ಳೇದಕ್ಕಂತೆ! ಊರೆಲ್ಲ ನಗ್ತಿದೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ನೆನಪಿಟ್ಕೋ."

"ಅಯ್ಯೋ, ನೀವಂದ್ಕೊಂಡ ಹಾಗಲ್ಲ. ಕೇಳಿ ಇಲ್ಲಿ, ನಾನು..."

"ಅದಕ್ಕೇ ಮಗಳ ಮೂಗು ನನ್ನ ಹಾಗಿಲ್ಲ," ಎಂದ ಟೈಲರ್. ಒಳಗೆ ಶಾಲೆಯ ಚೀಲ ಜೋಡಿಸುತ್ತಿದ್ದ ಮಗಳಿಗೂ ಕೇಳಲೆಂದೇ ಗಟ್ಟಿಯಾಗಿ ಹೇಳಿದ. "ಯಾವ ಗ್ಯಾರೇಜಿನ ಮಾಲು ಅಂತ ಈಗ ಗೊತ್ತಾಯ್ತು."

ಹೆಂಡತಿ ಕೈಚೀಲ ತೆಗೆದುಕೊಂಡು ಗೂಟಕ್ಕೆ ನೇತುಹಾಕಿದಳು.

"ಆಯ್ತು. ಇನ್ನು ಹೋಗಲ್ಲ."

"ಕಾರು ಮುಟ್ಟಲ್ಲ?"

"ಮುಟ್ಟಲ್ಲ. ನಿಮ್ಮ ಕಾರು, ನಿಮ್ಮ ಕೈಕೆಲಸ. ನೀವೇ ಅನುಭವಿಸಿ."

ಟೈಲರನಿಗೆ ಎದೆ ಹಗುರವಾಯಿತು. ಹೆಂಗಸನ್ನು ಹದ್ದುಬಸ್ತಿನಲ್ಲಿಡಲು ಒಂದು ಮಾತು ಸಾಕು ನೋಡಿ! ಹೊಲಿದ ಬಟ್ಟೆಗಳ ಗಂಟನ್ನು ಕಾರಿಗೆ ಹೇರಿದ. ಕೆಳಗಿನ ಪೇಟೆಗೆ ಮುಟ್ಟಿಸುವುದಿತ್ತು. ಮಗಳು ಕಣ್ಣೊರೆಸಿಕೊಂಡು, ದಿನದ ರೂಢಿಯಂತೆ ಮುಂದಿನ ಬಾಗಿಲಿಗೆ ಕೈ ಹಾಕಿದಳು. ಹೆಂಡತಿ ಓಡಿಬಂದು ಅವಳ ತೋಳು ಹಿಡಿದಳು.

"ನೀನು ಬಸ್ಸಲ್ಲಿ ಹೋಗು."

ತಾಯಿ ಮಗಳು ಒಂದಾದರು, ಆಗಲಿ ಎಂದುಕೊಂಡ. ಕಾರು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಒದ್ದೆಯಿತ್ತು. ನಿನ್ನೆ ತೊಳೆದ ನೀರು ಇನ್ನೂ ಆರಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, ಕಾರು ಮರೆಯಾಗುವ ತನಕ ನೋಡಿದಳು.

ಇಳಿಜಾರು ಶುರುವಾಗುವಲ್ಲೇ ಗ್ಯಾರೇಜು. ಅಲ್ಲಿಂದ ರಸ್ತೆ ಒಂದೇ ಸಮ ಇಳಿದು, ಕೊನೆಗೆ ಹೊಳೆಯ ಪಕ್ಕ ಗಕ್ಕನೆ ತಿರುಗುತ್ತದೆ. ಟೈಲರ್ ಗ್ಯಾರೇಜಿನೆದುರು ಕಾರು ನಿಲ್ಲಿಸಿದ. ಬ್ರೇಕು ಚೂರು ಮೆತ್ತಗೆನಿಸಿತು. ಹೊಸ ಪೈಪು, ಪಳಗಬೇಕು. ನರೆತ ಮೀಸೆಯ ಮೆಕ್ಯಾನಿಕ್ ಕೈಯೊರೆಸಿಕೊಳ್ಳುತ್ತ ಬಂದ. ಟೈಲರ್ ಕಿಟಕಿಯಿಂದಲೇ ವಾಷರನ್ನು ಅವನ ಕಾಲ ಬುಡಕ್ಕೆ ಎಸೆದ.

"ನಿನ್ನ ಗುರುತು ನೀನೇ ಇಟ್ಕೋ. ಇನ್ಮೇಲೆ ಅವಳು ಇಲ್ಲಿಗೆ ಬರಲ್ಲ."

"ಅಕ್ಕ ಬರಲ್ವಾ?" ಮೆಕ್ಯಾನಿಕ್ ಕಾರಿನ ಕಿಟಕಿ ಹಿಡಿದ. "ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಸಲ ಕಳಿಸಿ."

ಅಕ್ಕ ಅಂತೆ ಅಕ್ಕ! ಎಷ್ಟು ಸಂಕಟ ನೋಡು ಬಡ್ಡೀಮಗನಿಗೆ! ಟೈಲರ್ ನಕ್ಕು ಕಾರನ್ನು ಇಳಿಜಾರಿಗೆ ಬಿಟ್ಟ. ಕನ್ನಡಿಯಲ್ಲಿ ಮೆಕ್ಯಾನಿಕ್ ವಾಷರ್ ಎತ್ತಿ ನೋಡಿದ್ದು ಕಂಡಿತು. ಮತ್ತೆ ಬಗ್ಗಿ, ಕಾರು ನಿಂತಿದ್ದ ನೆಲ ಮುಟ್ಟಿ, ಬೆರಳು ಮೂಸಿದ. ಮರುಕ್ಷಣ ಯಾರದೋ ಸ್ಕೂಟರ್ ಹತ್ತಿ ಬೆನ್ನಟ್ಟಿಕೊಂಡು ಬಂದ. ಬರಲಿ, ಹೊಟ್ಟೆ ಉರಿದುಕೊಳ್ಳಲಿ. ಕಾರು ವೇಗ ಹಿಡಿಯಿತು.

ಸ್ಕೂಟರ್ ಕಿಟಕಿಯ ಪಕ್ಕಕ್ಕೇ ಬಂತು. ಮೆಕ್ಯಾನಿಕ್ ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಅಣ್ಣಾ, ಇದು ನಿಮ್ಮ ಬ್ರೇಕಿಂದು! ನೀವು ಮಾಡಿದ್ದನ್ನೆಲ್ಲ ಅಕ್ಕ ಮಾರನೇ ದಿನ ತಂದು, ಬಿಚ್ಚಿಸಿ, ಸರಿ ಮಾಡಿಸ್ತಿದ್ರು! ನಿಮ್ಗೆ ಬೇಜಾರಾಗ್ಬಾರ್ದು ಅಂತ ಹೇಳ್ಬೇಡ ಅಂದಿದ್ರು! ಓಲೆ ಮಾರಿ ದುಡ್ಡು ಕೊಟ್ರು! ಈ ಬ್ರೇಕನ್ನ ನಾನಿನ್ನೂ ನೋಡಿಲ್ಲ, ನಿಲ್ಸಿ!"

ಟೈಲರ್ ಬ್ರೇಕ್ ತುಳಿದ. ಪೆಡಲು ಮೆತ್ತಗೆ ಹೋಗಿ ನೆಲ ಮುಟ್ಟಿತು, ಮತ್ತು ಹೆಂಡತಿ ಮಗಳನ್ನು ಬಸ್ಸಿಗೆ ಕಳಿಸಿದ್ದು ಯಾಕೆಂದು ಅವನಿಗೆ ಆಗ ಅರ್ಥವಾಯಿತು.