ನೂರಕ್ಕೆ ಐದು

ಆ ಬಿಸ್ಕತ್ ಕಾರ್ಖಾನೆಯಲ್ಲಿ ನೂರಕ್ಕೆ ಐದು ಒಡೆದರೆ ಅದು ಸಾಮಾನ್ಯ ನಷ್ಟ. ಚೂರುಗಳನ್ನು ಹಂದಿ ಸಾಕುವವನಿಗೆ ಮಾರಿ, ಬಂದ ಹಣವನ್ನು ಖರ್ಚಿನ ಲೆಕ್ಕದಿಂದ ಕಳೆಯುತ್ತಿದ್ದರು. ಐದು ದಾಟಿದರೆ ಯಾರದಾದರೂ ಕೆಲಸ ಹೋಗುತ್ತಿತ್ತು. ಕಳುವಾದದ್ದು ಮಾತ್ರ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ; ಅದು ಪೊಲೀಸರ ಪಾಲು.

ಜ್ವರದಲ್ಲೇ ಪ್ಯಾಕಿಂಗಿಗೆ ಕೂತಿದ್ದ ಚಿಕ್ಕತಾಯಮ್ಮ, ಒಡೆದದ್ದನ್ನೆಲ್ಲ ಮಡಿಲಿಗೆ ತುಂಬಿಕೊಂಡು ಗೇಟಿನಲ್ಲಿ ಸಿಕ್ಕಿಬಿದ್ದಳು. ಸೂಪರ್‌ವೈಸರ್ ಅವಳನ್ನು ತನ್ನ ಕೋಣೆಗೆ ಕರೆಸಿ, ಗೇಟಿನವನ ಕೈಲಿ ಚೂರುಗಳನ್ನು ತಕ್ಕಡಿಗೆ ಹಾಕಿಸಿದ.

"ಮಾರೋ ಮಾಲು ಕದೀತೀಯಾ?"

"ಕದ್ದಿಲ್ಲ ಸಾ. ಕೈ ನಡುಗಿ ಒಡ್ದೋದ್ವು. ಕೆಲ್ಸ ಹೋಯ್ತದೆ ಅಂತ ಬಚ್ಚಿಟ್ಕಂಡೆ."

"ಇದನ್ನ ಸೇರಿಸಿದ್ರೆ ನಮ್ಮ ಲೈನು ಐದು ದಾಟುತ್ತೆ."

"ದಾಟ್ಲಿ ಸಾ, ಕೆಲ್ಸದಿಂದ ತೆಗ್ದಾಕಿ. ಕಳ್ಳಿ ಅಂತ ಮಾತ್ರ ಅನ್ಬೇಡಿ. ಇನ್ಯಾವ ಫ್ಯಾಕ್ಟ್ರೀಲೂ ಒಳಕ್ಕೆ ಬಿಡಾಕಿಲ್ಲ."

ಅವನು ಗೇಟಿನವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ. ತಿರುಗಿ ಬಂದು ಅವಳಿಗೆ ಕೈ ಮುಗಿದ.

"ಕದ್ದೆ ಅಂತ ಒಪ್ಕೊಂಡ್ಬಿಡಿ, ತಾಯಿ. ಐದು ದಾಟಿದ್ರೆ ಹೋಗೋದು ನನ್ನ ಕೆಲಸ."