ಕೇರೆಗೆ ಇಟ್ಟ ಹಾಲು
"ಅಲ್ಲೇ ಅಜ್ಜಿ, ನಮ್ಮ ಕೇರೆ ಇರೋದು," ಎಂದು ಶಾಂತಕುಮಾರಿ ದೊಡ್ಡನೆಕ್ಕುಂದಿಯ ತಮ್ಮ ಮನೆಯ ಹಿತ್ತಲಲ್ಲಿದ್ದ ಹುಲ್ಲಿನ ಬಣವೆಯ ಬುಡಕ್ಕೆ ಬೆರಳು ತೋರಿಸಿದಳು. ಇಲಿ ಹಿಡಿದು ರಾಗಿ ಕಾಯುವ ಕೇರೆಹಾವು ಮನೆಮಗನಿದ್ದಂತೆ ಎಂದು ಕತೆ ಹೇಳುತ್ತಿದ್ದವಳು ಅಜ್ಜಿ ಪಿಳ್ಳಮ್ಮನೇ. ಅದಕ್ಕೆ ಹಾಲಿಡೋಣ, ಜಾಗ ತೋರಿಸು ಎಂದು ಇವತ್ತು ಕರೆತಂದವಳೂ ಅವಳೇ. ದೃಷ್ಟಿ ತಾಕದಿರಲೆಂದು ಬಟ್ಟಲಿಗೆ ಸೆರಗು ಮುಚ್ಚಿಕೊಂಡಿದ್ದಳು.

ಹಾವು ತಲೆ ಹೊರಹಾಕುತ್ತಲೇ, ಬಣವೆಯ ಹಿಂದೆ ಅಡಗಿದ್ದ ಚಿಕ್ಕಪ್ಪ ಮುನಿರಾಜಪ್ಪ ದೊಣ್ಣೆ ಬೀಸಿದ.

"ಬ್ಯಾಡ ಚಿಕ್ಕಪ್ಪಾ! ಅಜ್ಜೀ, ನೀನಾದ್ರೂ ಹೇಳಜ್ಜೀ!"

"ಸುಮ್ಕಿರಮ್ಮಿ. ಫ್ಯಾಕ್ಟ್ರಿ ಕ್ವಾರ್ಟ್ರಸ್‌ನೋರಿಗೆ ನಾವು ಮಾರೋ ಹಾಲು ಸಾಲ್ತಿಲ್ಲ. ಹಸುವಿನ ಕಾಲಿಗೆ ಸುತ್ಕೊಂಡು ಕುಡೀತಿರೋದು ಇದೇಯ," ಎಂದಳು ಪಿಳ್ಳಮ್ಮ.

ಹಾವಿನ ಜಜ್ಜಿದ ಹೊಟ್ಟೆಯಿಂದ ಇಲಿಯ ಬಾಲವೊಂದು ಹೊರಬಿದ್ದಿತ್ತು. ಶಾಂತಕುಮಾರಿ ಅಳುತ್ತ ಅಜ್ಜಿಯ ಸೆರಗನ್ನು ಜಗ್ಗಿದಳು. ಬಟ್ಟಲು ಉರುಳಿ ಅವಳ ಕಾಲ ಬಳಿ ಬಿತ್ತು. ನೆಲ ಒದ್ದೆಯಾಗಲಿಲ್ಲ.